ಕನ್ನಡ ಪಾಠ ಕಟ್ಟಲು ಲುಮಿ ಸಾಕೇ? ಶಿರಸಿ ಕಡೆಯಿಂದ ಒಂದು ವಿಮರ್ಶೆ

ಇನ್‌ಸ್ಟ್ರಕ್ಷನಲ್ ಡಿಸೈನ್, ಅಂದರೆ ಪಾಠ, ತರಬೇತಿಗಳನ್ನು ವಿನ್ಯಾಸ ಮಾಡುವ ಕೆಲಸಕ್ಕೆ ಇಳಿಯಬೇಕೆಂದಿರುವ ಶಿರಸಿ, ಕುಮಟಾ, ಕಾರವಾರ ಕಡೆಯ ಶಿಕ್ಷಕರು, ಪದವೀಧರರು ಮೊದಲು ಕೇಳುವುದು ಸಾಫ್ಟ್‌ವೇರ್ ಬಗ್ಗೆ. ಕಂಪ್ಯೂಟರ್ ಪಾಠ ಕಟ್ಟುವ ಸ್ಟೋರಿಲೈನ್ ಗೊತ್ತಿಲ್ಲದಿದ್ದರೆ ಕೆಲಸ ಸಿಗುತ್ತದೆಯೇ ಎಂಬುದೇ ಆ ಪ್ರಶ್ನೆ. ಆರ್ಟಿಕ್ಯುಲೇಟ್ ಕಂಪನಿಯ ಸ್ಟೋರಿಲೈನ್ ಬರುವ ಪ್ಯಾಕೇಜಿನ ವಾರ್ಷಿಕ ಚಂದಾ ಸಾವಿರ ಡಾಲರ್ ದಾಟುತ್ತದೆ. ವಿಂಡೋಸ್ ಬಿಟ್ಟು ಬೇರೆಡೆ ಅದು ಓಡುವುದೂ ಇಲ್ಲ. ಇನ್ನೂ ಸಂಬಳ ಶುರುವಾಗದವರು ಕೈಯಿಂದ ಹಾಕುವ ಮೊತ್ತ ಇದಲ್ಲ. ಹಾಗಾಗಿ ಇಲ್ಲಿ ನೋಡಹೊರಟಿರುವುದು ಲುಮಿಯನ್ನು. ಎಚ್5ಪಿ, ಅಂದರೆ ಬ್ರೌಸರಿನಲ್ಲಿ ತೆರೆದು ಉತ್ತರಿಸುತ್ತ ಸಾಗುವ ಬಗೆಯ ಪಾಠಗಳನ್ನು ಕಟ್ಟುವ, ಡೆಸ್ಕ್‌ಟಾಪಿನಲ್ಲಿ ಓಡುವ, ಹಣ ಕೇಳದ ಸಂಪಾದಕ ಇದು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಸಿಗುತ್ತದೆ.

ತೀರ್ಪು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕನ್ನಡ ಪಾಠಕ್ಕೂ, ಕೆಲಸಕ್ಕೆ ಅರ್ಜಿ ಹಾಕುವಾಗ ತೋರಿಸುವ ಪೋರ್ಟ್‌ಫೋಲಿಯೋಗೂ ಲುಮಿ ಸಾಕು. ಆದರೆ ಕಲಿಯುವವರಿಂದ ಕನ್ನಡ ಟೈಪ್ ಮಾಡಿಸುವ ಚಟುವಟಿಕೆಗಳನ್ನು ಬಿಡಬೇಕು, ಕಡಿಮೆ ಬೆಲೆಯ ಫೋನಿನಲ್ಲಿ ತೆರೆದು ನೋಡದೆ ಯಾವ ಪಾಠವನ್ನೂ ಹೊರಗೆ ಬಿಡಬಾರದು.

ಎಚ್5ಪಿ ಶುರುವಾದದ್ದು 2013ರಲ್ಲಿ, ನಾರ್ವೆಯ ಟ್ರೋಮ್ಸೊ ನಗರದ ಜೂಬೆಲ್ ಕಂಪನಿಯಿಂದ. ಎಂಐಟಿ ಪರವಾನಗಿಯ ಮುಕ್ತ ತಂತ್ರಾಂಶ. 2024ರಲ್ಲಿ ಎಚ್5ಪಿ ಕಂಪನಿಯನ್ನು ಕೆನಡಾದ ಡಿ2ಎಲ್ ಕೊಂಡುಕೊಂಡಿತು, ಆದರೂ ಮುಕ್ತ ಆವೃತ್ತಿ ಮುಕ್ತವಾಗಿಯೇ ಇದೆ. ಎಚ್5ಪಿಯ ಅಧಿಕೃತ ಜಾಲತಾಣದಲ್ಲಿ ಪಾಠ ಇಟ್ಟುಕೊಳ್ಳುವ ಸೇವೆಗೆ ಹಣ ಕೊಡಬೇಕು, ಸ್ವಂತ ಮೂಡಲ್ (ಆನ್‌ಲೈನ್ ತರಗತಿ ನಡೆಸುವ ತಂತ್ರಾಂಶ) ಅಥವಾ ವರ್ಡ್‌ಪ್ರೆಸ್ ಇಲ್ಲದವರಿಗೆ ಎಚ್5ಪಿ ಕೈಗೆಟುಕುತ್ತಿರಲಿಲ್ಲ. ಲುಮಿ ತುಂಬಿರುವುದು ಈ ಕೊರತೆಯನ್ನು. ಸರ್ವರ್ ಬೇಡ, ಖಾತೆ ಬೇಡ. ಫೈಲ್ ನಿಮ್ಮ ಕಂಪ್ಯೂಟರಿನಲ್ಲೇ ಇರುತ್ತದೆ.

ಇನ್‌ಸ್ಟಾಲ್ ಮಾಡುವಾಗ ಒಂದು ವಿಷಯ ನೆನಪಿಡಿ. ಲುಮಿ ಆಫ್‌ಲೈನ್ ಓಡುತ್ತದೆ ಎಂಬುದು ನಿಜ, ಆದರೆ ಪ್ರತಿ ಚಟುವಟಿಕೆಯ ಬಗೆಯನ್ನೂ ಮೊದಲ ಸಲ ಆನ್‌ಲೈನ್ ಭಂಡಾರವಾದ ಎಚ್5ಪಿ ಹಬ್‌ನಿಂದ ಇಳಿಸಿಕೊಳ್ಳಲೇಬೇಕು. ಜೋಯಿಡಾ ಅಥವಾ ಯಲ್ಲಾಪುರದ ಒಳಹಳ್ಳಿಯ ಶಾಲೆಗೆ ಲ್ಯಾಪ್‌ಟಾಪ್ ಒಯ್ಯುವವರು ಪೇಟೆಯಲ್ಲಿರುವಾಗಲೇ ಕ್ವೆಶ್ಚನ್ ಸೆಟ್, ಇಂಟರ್‌ಆಕ್ಟಿವ್ ವೀಡಿಯೋ, ಬ್ರಾಂಚಿಂಗ್ ಸಿನಾರಿಯೋ, ಇಂಟರ್‌ಆಕ್ಟಿವ್ ಬುಕ್, ಡ್ರ್ಯಾಗ್ ದ ವರ್ಡ್ಸ್, ಡೈಲಾಗ್ ಕಾರ್ಡ್ಸ್, ಈ ಆರನ್ನು ಇಳಿಸಿಟ್ಟುಕೊಳ್ಳಲಿ. ಆಮೇಲೆ ಮಳೆಗಾಲದಲ್ಲಿ ನೆಟ್‌ವರ್ಕ್ ದಿನಗಟ್ಟಲೆ ಸತ್ತರೂ ಕೆಲಸ ನಿಲ್ಲುವುದಿಲ್ಲ.

ಲುಮಿಯಲ್ಲಿ ಅತ್ಯುತ್ತಮವಾದದ್ದು ಬ್ರಾಂಚಿಂಗ್ ಸಿನಾರಿಯೋ, ಅಂದರೆ ಕಲಿಯುವವನ ಆಯ್ಕೆಗೆ ತಕ್ಕಂತೆ ದಾರಿ ಕವಲೊಡೆಯುವ ಪಾಠ. ಇದರ ಬೆಲೆ ಗೊತ್ತಾಗಬೇಕಾದರೆ ಈ ನೆಲದ ವಿಷಯವನ್ನೇ ಇಟ್ಟು ನೋಡಬೇಕು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಮಿಶ್ರಣ ತಯಾರಿಸುವ ಪಾಠ ಎಂದುಕೊಳ್ಳಿ. ಸಾಮಾನ್ಯವಾಗಿ ಇದನ್ನು ಹೇಗೆ ಮಾಡುತ್ತಾರೆ? ರೋಗ ಎಂದರೇನು, ಶಿಲೀಂಧ್ರದ ಹೆಸರೇನು, ದ್ರಾವಣದ ಇತಿಹಾಸವೇನು, ಕೊನೆಗೆ ಐದು ಪ್ರಶ್ನೆ. ಪಾಠ ಮುಗಿಸಿದವನಿಗೆ ಫೈಟೊಫ್ಥೋರಾ ಎಂಬ ಹೆಸರು ಬರುತ್ತದೆ, ಡ್ರಮ್ಮಿನ ಮುಂದೆ ನಿಂತಾಗ ಏನು ಮಾಡಬೇಕೆಂದು ಬರುವುದಿಲ್ಲ. ಇನ್‌ಸ್ಟ್ರಕ್ಷನಲ್ ಡಿಸೈನರ್ ಶುರು ಮಾಡಬೇಕಾದದ್ದು ಇನ್ನೊಂದು ತುದಿಯಿಂದ. ಕೆಲಸ ಮಾಡುವವನು ಯಾವ ಯಾವ ಕಡೆ ನಿರ್ಧಾರ ತೆಗೆದುಕೊಳ್ಳುತ್ತಾನೆ, ಎಲ್ಲಿ ಎಡವುತ್ತಾನೆ, ಎಡವಿದರೆ ಏನಾಗುತ್ತದೆ ಎಂಬುದನ್ನು ಮೊದಲು ಪಟ್ಟಿ ಮಾಡಬೇಕು. ತರಬೇತಿ ವಿನ್ಯಾಸಕಿ ಕ್ಯಾಥಿ ಮೂರ್ ಆ್ಯಕ್ಷನ್ ಮ್ಯಾಪಿಂಗ್ ಎಂದು ಕರೆದದ್ದು ಈ ಕ್ರಮವನ್ನೇ.

ಶೇ. 1ರ ಮಿಶ್ರಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಮೈಲುತುತ್ತವನ್ನು 50 ಲೀಟರಿನಲ್ಲಿ, ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕದಡುತ್ತಾ ಹೊಯ್ಯಬೇಕು. ಇದರಲ್ಲಿ ನಿರ್ಧಾರದ ಜಾಗಗಳು ನಾಲ್ಕು. ಯಾವ ಪಾತ್ರೆ, ಯಾವುದನ್ನು ಯಾವುದಕ್ಕೆ ಹೊಯ್ಯುವುದು, ಹದ ನೋಡುವುದು ಹೇಗೆ, ಉಳಿದದ್ದನ್ನು ನಾಳೆಗೆ ಇಟ್ಟುಕೊಳ್ಳಬಹುದೇ. ಲುಮಿಯಲ್ಲಿ ಈ ನಾಲ್ಕೂ ನಾಲ್ಕು ಬ್ರಾಂಚಿಂಗ್ ಪ್ರಶ್ನೆಗಳಾಗುತ್ತವೆ. ಹದ ನೋಡುವ ಜಾಗದಲ್ಲಿ ಕಲಿಯುವವನ ಮುಂದೆ ಫೋಟೋ ಇಡಿ: ಮಿಶ್ರಣದಲ್ಲಿ ಅದ್ದಿ ತೆಗೆದ ಕಬ್ಬಿಣದ ಕತ್ತಿಯ ಅಲಗು, ಮೇಲೆ ಕೆಂಪು ಮಿಶ್ರಿತ ಕಂದು ಪದರ. ಕೆಳಗೆ ಮೂರು ಆಯ್ಕೆ: ಹೊಡೆಯಲು ಶುರು ಮಾಡುವುದು, ಇನ್ನಷ್ಟು ನೀರು ಸೇರಿಸುವುದು, ಇನ್ನಷ್ಟು ಸುಣ್ಣದ ತಿಳಿ ಸೇರಿಸುವುದು. ಮೊದಲನೆಯದನ್ನು ಒತ್ತಿದರೆ ‘ತಪ್ಪು ಉತ್ತರ’ ಎಂದು ಬರೆಯಬೇಡಿ. ಅಲಗಿಗೆ ಅಂಟಿದ್ದು ತಾಮ್ರ, ಅಂದರೆ ಸುಣ್ಣ ಸಾಲದೆ ತಾಮ್ರ ಬಿಡಿಯಾಗಿ ಉಳಿದಿದೆ. ಹಾಗೇ ಹೊಡೆದರೆ ಎಳೆಯ ಕಾಯಿ, ಸಿಂಗಾರ ಸುಡುತ್ತದೆ. ಆ ಪರಿಣಾಮದ ಚಿತ್ರಕ್ಕೇ ಕಲಿಯುವವನನ್ನು ಕರೆದೊಯ್ದು, ಅಲ್ಲಿಂದ ಮತ್ತೆ ಹದ ನೋಡುವ ಪ್ರಶ್ನೆಗೆ ತರಬೇಕು. ಎರಡನೆಯದರಲ್ಲಿ, ನೀರು ಸೇರಿಸಿದರೆ ಮಿಶ್ರಣ ತೆಳುವಾಗುತ್ತದೆಯೇ ಹೊರತು ಬಿಡಿ ತಾಮ್ರ ಹೋಗುವುದಿಲ್ಲ ಎಂದು ಒಂದೇ ಸಾಲು ಸಾಕು.

ಲುಮಿ ಇದನ್ನು ಮರದ ಕೊಂಬೆಗಳ ಹಾಗೆ ತೆರೆಯ ಮೇಲೆ ಬಿಡಿಸಿ ತೋರಿಸುತ್ತದೆ. ಪರಿಣಾಮದ ತೆರೆಯಿಂದ ಹಳೆಯ ಪ್ರಶ್ನೆಗೆ ಹಾರಿಸುವುದು ಒಂದು ಮೆನು ಆಯ್ಕೆಯ ಕೆಲಸ. ಸ್ಟೋರಿಲೈನಿನಲ್ಲಿ ಇದನ್ನೇ ಟ್ರಿಗರ್ (ಒತ್ತಿದಾಗ ಏನಾಗಬೇಕೆಂಬ ಸೂಚನೆ), ವೇರಿಯಬಲ್ (ಕಲಿಯುವವನ ಆಯ್ಕೆಯನ್ನು ನೆನಪಿಡುವ ಜಾಗ) ಹಾಕಿ ಇನ್ನೂ ನುಣುಪಾಗಿ ಮಾಡಬಹುದು, ಆದರೆ ಹೊಸಬರಿಗೆ ಅಷ್ಟು ಬೇಡ. ಎಚ್ಚರ ಬೇಕಾದದ್ದು ಅಳಿಸುವಾಗ. ಮಧ್ಯದ ಪ್ರಶ್ನೆಯೊಂದನ್ನು ಅಳಿಸಿದರೆ ಅದರ ಕೆಳಗಿನ ಕೊಂಬೆಗಳೂ ಹೋಗುತ್ತವೆ. ಲುಮಿ ಒಂದು ಸಲ ಎಚ್ಚರಿಸುತ್ತದೆ, ಅವಸರದಲ್ಲಿ ಒಪ್ಪಿಗೆ ಒತ್ತಿದರೆ ಮುಗಿಯಿತು. ದೊಡ್ಡ ಬದಲಾವಣೆಗೆ ಮೊದಲು ಫೈಲನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಳ್ಳಿ. ಇನ್ನೊಂದು, ಮರ ದೊಡ್ಡದಾದಷ್ಟೂ ಎಡಿಟರ್ ನಿಧಾನವಾಗುತ್ತದೆ. ಒಂದು ಪಾಠದಲ್ಲಿ ನಾಲ್ಕೈದು ನಿರ್ಧಾರ ದಾಟಿದರೆ ಅದು ಎರಡು ಪಾಠವಾಗಬೇಕಾದ ವಿಷಯ ಎಂದೇ ತಿಳಿಯಿರಿ.

ಈಗ ಕನ್ನಡದ ಮಾತು. ಎಚ್5ಪಿ ಬಗ್ಗೆ ಇಂಗ್ಲಿಷಿನಲ್ಲಿ ಬಂದಿರುವ ವಿಮರ್ಶೆಗಳಿಗೆ ಈ ಭಾಗ ಗೊತ್ತೇ ಇಲ್ಲ, ನಮಗೆ ಬೇಕಾದದ್ದು ಇದೇ.

ಹಳೆಯ ಪ್ರಶ್ನೆಪತ್ರಿಕೆ, ನೋಟ್ಸ್ ಬಹುಪಾಲು ಇರುವುದು ನುಡಿ ಅಥವಾ ಬರಹದ ಯುನಿಕೋಡ್ ಅಲ್ಲದ ಫಾಂಟಿನಲ್ಲಿ. ಅದನ್ನು ಕಾಪಿ ಮಾಡಿ ಲುಮಿಯಲ್ಲಿ ಪೇಸ್ಟ್ ಮಾಡಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬೀಳುತ್ತದೆ. ಮೊದಲು ಯುನಿಕೋಡಿಗೆ ಪರಿವರ್ತಿಸಿ, ಆಮೇಲೆ ಅರ್ಕಾವತ್ತು ಮತ್ತು ಒತ್ತಕ್ಷರ ಇರುವ ಪದಗಳನ್ನು ಕಣ್ಣಿಟ್ಟು ಓದಿ, ಪರಿವರ್ತಕಗಳು ಎಡವುವುದು ಹೆಚ್ಚಾಗಿ ಅಲ್ಲೇ. ವರ್ಡ್‌ನಿಂದ ತರುವಾಗ ಕಂಟ್ರೋಲ್, ಶಿಫ್ಟ್, ವಿ ಒಟ್ಟಿಗೆ ಒತ್ತಿ ಬರಿ ಪಠ್ಯವನ್ನಷ್ಟೇ ಪೇಸ್ಟ್ ಮಾಡಿ. ಇಲ್ಲದಿದ್ದರೆ ವರ್ಡ್‌ನ ಫಾಂಟ್, ಗಾತ್ರ ಎಲ್ಲವೂ ಹಿಂದೆಯೇ ಬಂದು ಒಂದು ತೆರೆ ಒಂದು ಥರ, ಇನ್ನೊಂದು ಇನ್ನೊಂದು ಥರ ಕಾಣುತ್ತದೆ.

ಫಿಲ್ ಇನ್ ದ ಬ್ಲ್ಯಾಂಕ್ಸ್, ಅಂದರೆ ಬಿಟ್ಟ ಸ್ಥಳ ತುಂಬಿಸುವ ಚಟುವಟಿಕೆ, ಕನ್ನಡದಲ್ಲಿ ನಂಬಿಕೆಗೆ ಅರ್ಹವಲ್ಲ. ಉತ್ತರದ ಎರಡೂ ಬದಿಗೆ ನಕ್ಷತ್ರ ಚಿಹ್ನೆ ಹಾಕಿದರೆ ಬಿಟ್ಟ ಸ್ಥಳ ಸಿದ್ಧ, ಅಷ್ಟು ಸುಲಭ. ತೊಂದರೆ ಇರುವುದು ಉತ್ತರ ಹೋಲಿಸುವಲ್ಲಿ. ‘ಕೊಳೆ’ ಪದದ ಒತ್ವವನ್ನು ಯುನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಕೊಂಬಿನ ಇಳಿ ಎಂಬ ಎರಡು ಸಂಕೇತಗಳನ್ನು ಜೋಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. ‘ಪವರ್‌ಪಾಯಿಂಟ್’ ಥರದ ಪದಗಳ ನಡುವೆ ಕಣ್ಣಿಗೆ ಕಾಣದ ಒಂದು ವಿಭಜಕ ಇರುತ್ತದೆ. ಉತ್ತರದಲ್ಲಿ ಅದಿದ್ದು ವಿದ್ಯಾರ್ಥಿ ಫೋನಿನಲ್ಲಿ ಟೈಪ್ ಮಾಡುವಾಗ ಹಾಕದಿದ್ದರೆ ಮತ್ತೆ ತಪ್ಪು. ಸರಿಯಾಗಿ ಬರೆದ ಮಗುವಿಗೆ ಕೆಂಪು ಗುರುತು ತೋರಿಸುವುದು ಸಣ್ಣ ದೋಷವಲ್ಲ. ಮನೆಯಲ್ಲಿ ಕೊಂಕಣಿ ಮಾತಾಡಿ ಶಾಲೆಯಲ್ಲಿ ಕನ್ನಡ ಕಲಿಯುವ ಕಾರವಾರದ ಮಗುವಿಗಂತೂ ತಾನೇ ತಪ್ಪು ಎಂದು ನಂಬಿಬಿಡಲು ಅಷ್ಟು ಸಾಕು.

ಇದಕ್ಕೆ ಪರಿಹಾರವೆಂದು ಸಣ್ಣ ಕಾಗುಣಿತ ದೋಷ ಒಪ್ಪುವ ಸೆಟ್ಟಿಂಗ್ ಒಂದಿದೆ. 3ರಿಂದ 9 ಅಕ್ಷರದ ಉತ್ತರದಲ್ಲಿ 1 ತಪ್ಪು, ಅದಕ್ಕಿಂತ ಉದ್ದದ್ದರಲ್ಲಿ 2 ತಪ್ಪು ಮಾಫಿ. ಇಂಗ್ಲಿಷಿಗೆ ಸರಿ. ಕನ್ನಡದಲ್ಲಿ ಸ್ವರಚಿಹ್ನೆ, ಅರ್ಧಾಕ್ಷರದ ಚಿಹ್ನೆ ಒಂದೊಂದೂ ಒಂದು ಅಕ್ಷರವಾಗಿ ಎಣಿಕೆಯಾಗುವುದರಿಂದ ‘ಸುಣ್ಣ’ ಎಂಬ ಉತ್ತರಕ್ಕೆ ‘ಸಣ್ಣ’ ಎಂದು ಬರೆದರೂ ಹಸಿರು ಗುರುತು ಬೀಳುತ್ತದೆ. ಕಾಗುಣಿತ ಕಲಿಸುವ ಪಾಠದಲ್ಲಿ ಇದಕ್ಕಿಂತ ಕೆಟ್ಟದ್ದು ಇಲ್ಲ.

ಹಾಗಾದರೆ ಬಳಸಬೇಕಾದದ್ದು ಡ್ರ್ಯಾಗ್ ದ ವರ್ಡ್ಸ್. ಬರೆಯುವ ಕ್ರಮ ಅದೇ ನಕ್ಷತ್ರ ಚಿಹ್ನೆಯದು, ಆದರೆ ವಿದ್ಯಾರ್ಥಿ ಟೈಪ್ ಮಾಡುವುದಿಲ್ಲ, ಪದವನ್ನು ಎಳೆದು ಜಾಗಕ್ಕೆ ಬಿಡುತ್ತಾನೆ. ಎನ್‌ಕೋಡಿಂಗ್ ತಕರಾರು ಬುಡಸಮೇತ ಹೋಗುತ್ತದೆ. ಬರೆಯುವಾಗ ವಿವರಣ ಚಿಹ್ನೆಯ (:) ಮೇಲೆ ಕಣ್ಣಿರಲಿ. ನಕ್ಷತ್ರಗಳ ನಡುವೆ ಅದು ಬಂದರೆ ಆಚೆಗಿನದು ಸುಳಿವು ಎಂದಾಗುತ್ತದೆ, 10:30 ಎಂಬ ಸಮಯ ಬರೆದರೆ ಉತ್ತರ 10 ಆಗಿ 30 ಸುಳಿವಾಗಿಬಿಡುತ್ತದೆ. ಬಿಟ್ಟ ಸ್ಥಳದ ಚಟುವಟಿಕೆಯಲ್ಲಿ ಓರೆಗೆರೆಗೂ (/) ಇದೇ ಗತಿ, ಅದು ಪರ್ಯಾಯ ಉತ್ತರಗಳನ್ನು ಬೇರ್ಪಡಿಸುವ ಚಿಹ್ನೆ. ಭಿನ್ನರಾಶಿಯ ಲೆಕ್ಕಕ್ಕೆ ಬಹು ಆಯ್ಕೆಯ ಪ್ರಶ್ನೆಯೇ ವಾಸಿ. ಅಂಕಿ ಟೈಪ್ ಮಾಡಿಸಲೇಬೇಕಾದರೆ 10 ಮತ್ತು ೧೦ ಎರಡನ್ನೂ ಪರ್ಯಾಯವಾಗಿ ಕೊಡಿ.

ಪದ ಹುಡುಕುವ ಚೌಕದಾಟದ ಚಟುವಟಿಕೆಯನ್ನು ಕನ್ನಡಕ್ಕೆ ಮುಟ್ಟಲೇಬೇಡಿ. ಮೈಲುತುತ್ತ ಎಂಬ ಪದಕ್ಕೆ ನಾಲ್ಕು ಚೌಕ ಸಾಕು, ಯುನಿಕೋಡ್ ಲೆಕ್ಕದಲ್ಲಿ ಒಂಬತ್ತು ಸಂಕೇತ. ಕೊಂಬು ಒಂದು ಮನೆಯಲ್ಲಿ, ಅದರ ವ್ಯಂಜನ ಇನ್ನೊಂದರಲ್ಲಿ ಕೂರುತ್ತದೆ. ಮಾತಾಡಿಸಿ ಉತ್ತರ ಪಡೆಯುವ ಚಟುವಟಿಕೆಯೂ ನಮ್ಮಲ್ಲಿ ನಡೆಯದು, ಅದಕ್ಕೆ ಕ್ರೋಮ್ ಬೇಕು, ಇಂಟರ್‌ನೆಟ್ಟೂ ಬೇಕು.

ಗುಂಡಿಗಳ ಮೇಲಿನ ‘ಚೆಕ್’, ‘ರಿಟ್ರೈ’, ‘ಶೋ ಸೊಲ್ಯೂಷನ್’ ಪದಗಳನ್ನು ಕನ್ನಡಕ್ಕೆ ತರಬಹುದು, ತರಲೇಬೇಕು. ಫಾರಂನ ತೀರಾ ಕೆಳಗೆ ಪಠ್ಯ ಬದಲಾವಣೆ ಮತ್ತು ಅನುವಾದದ ಮಡಚಿದ ಭಾಗ ಇದೆ, ಬಹಳ ಜನ ಅದನ್ನು ನೋಡಿರುವುದೇ ಇಲ್ಲ. ‘ಉತ್ತರ ಪರೀಕ್ಷಿಸಿ’, ‘ಮತ್ತೆ ಪ್ರಯತ್ನಿಸಿ’, ‘ಸರಿ ಉತ್ತರ ತೋರಿಸಿ’ ಎಂದು ತುಂಬಿ. ಅಟ್ ಚಿಹ್ನೆ ಅಥವಾ ವಿವರಣ ಚಿಹ್ನೆಯಿಂದ ಶುರುವಾಗುವ ಇಂಗ್ಲಿಷ್ ಪದಗಳನ್ನು ಮಾತ್ರ ಹಾಗೇ ಬಿಡಿ, ಅಂಕ ಬಂದು ಕೂರುವುದು ಅಲ್ಲಿಗೆ. ಹೊಸ ಫೈಲ್ ತೆರೆದರೆ ಮತ್ತೆ ಎಲ್ಲ ಇಂಗ್ಲಿಷಿನಲ್ಲೇ ಬರುತ್ತದೆ. ಹಾಗಾಗಿ ಪ್ರತಿ ಬಗೆಗೂ ಅನುವಾದ ಮುಗಿಸಿದ ಒಂದು ಖಾಲಿ ಮಾದರಿ ಫೈಲ್ ಇಟ್ಟುಕೊಂಡು ಅದರಿಂದಲೇ ಹೊಸ ಪಾಠ ಶುರು ಮಾಡಿ.

ಸ್ಲೈಡುಗಳ ಬಗೆಯಾದ ಕೋರ್ಸ್ ಪ್ರೆಸೆಂಟೇಷನ್ ನೋಡಲು ಪವರ್‌ಪಾಯಿಂಟ್ ಥರ ಇರುವುದರಿಂದ ಶಿಕ್ಷಕರ ಕೈ ಮೊದಲು ಅದಕ್ಕೇ ಹೋಗುತ್ತದೆ. ಪ್ರೊಜೆಕ್ಟರ್ ಇರುವ ತರಗತಿಗೆ ಅಡ್ಡಿಯಿಲ್ಲ, ಫೋನಿಗೆ ಬೇಡ. ಸ್ಲೈಡಿನ ಅನುಪಾತ ಬದಲಾಗುವುದಿಲ್ಲ, ಫೋನನ್ನು ಉದ್ದಕ್ಕೆ ಹಿಡಿದರೆ ಇಡೀ ಸ್ಲೈಡ್ ಕುಗ್ಗಿ ಅಕ್ಷರ ಸಾಸಿವೆಯಷ್ಟಾಗುತ್ತದೆ. ಕನ್ನಡಕ್ಕೆ ಇನ್ನೊಂದು ಏಟು, ಒತ್ತಕ್ಷರ ಕೆಳಗೆ ಇಳಿಯುವುದರಿಂದ ಸಾಲಿಗೆ ಹೆಚ್ಚು ಎತ್ತರ ಬೇಕು. ವಿಂಡೋಸಿನ ನಿರ್ಮಲಾ ಫಾಂಟಿನಲ್ಲಿ ಸರಿಯಾಗಿ ಕೂತ ಪೆಟ್ಟಿಗೆ ಆಂಡ್ರಾಯ್ಡಿನ ನೋಟೋ ಫಾಂಟಿನಲ್ಲಿ ತುಂಬಿ ಹೊರಚೆಲ್ಲಬಹುದು. ಫೋನಿಗೆ ಇಂಟರ್‌ಆಕ್ಟಿವ್ ಬುಕ್ ಸರಿ. ಅದರಲ್ಲಿ ಪಠ್ಯ ತೆರೆಯ ಅಗಲಕ್ಕೆ ತಾನೇ ಹೊಂದಿಕೊಂಡು ಕೆಳಗೆ ಸರಿಯುತ್ತದೆ.

ವೀಡಿಯೋ ಹಾಕುವವರಿಗೆ: ಯೂಟ್ಯೂಬ್ ಕೊಂಡಿ ಕೊಟ್ಟರೆ ಪಾಠ ಆನ್‌ಲೈನಿನಲ್ಲಷ್ಟೇ ಓಡುತ್ತದೆ. ಆಫ್‌ಲೈನ್ ಬೇಕಾದರೆ ಎಂಪಿ4 ಫೈಲನ್ನೇ ಸೇರಿಸಬೇಕು. ಫೋನಿನಲ್ಲಿ ತೆಗೆದದ್ದನ್ನು ಹಾಗೇ ಸುರಿಯದೆ ಹ್ಯಾಂಡ್‌ಬ್ರೇಕ್ ತಂತ್ರಾಂಶದಲ್ಲಿ 480ಪಿಗೆ ಇಳಿಸಿ, ಎಚ್.264ರಲ್ಲಿ ಗುಣಮಟ್ಟದ ಸಂಖ್ಯೆಯನ್ನು 26ರ ಆಸುಪಾಸು ಇಡಿ, ಧ್ವನಿಯನ್ನು ಮೋನೋ 64 ಕೆಬಿಪಿಎಸ್‌ಗೆ ತನ್ನಿ. ಯಾಕೆಂದರೆ ಲುಮಿ ಪಾಠವನ್ನು ಒಂದೇ ಎಚ್‌ಟಿಎಂಎಲ್ ಫೈಲಾಗಿ ಹೊರತೆಗೆಯುವಾಗ ವೀಡಿಯೋವನ್ನು ಬೇಸ್64 ಪಠ್ಯವಾಗಿಸಿ ಒಳಗೇ ಅಡಕ ಮಾಡುತ್ತದೆ, ಆಗ ಗಾತ್ರ ಸುಮಾರು ಮೂರನೇ ಒಂದರಷ್ಟು ಉಬ್ಬುತ್ತದೆ. 30 ಎಂಬಿಯ ವೀಡಿಯೋ 40 ಎಂಬಿ. 2 ಜಿಬಿ ರ್‍ಯಾಮಿನ ಫೋನಿನಲ್ಲಿ ಇಂಥ ಫೈಲ್ ತೆರೆಯುವಾಗಲೇ ಏದುಸಿರು ಬಿಡುತ್ತದೆ.

ಆದರೂ ಈ ಒಂಟಿ ಎಚ್‌ಟಿಎಂಎಲ್ ಫೈಲೇ ನಮ್ಮ ಜಿಲ್ಲೆಗೆ ಲುಮಿ ಕೊಟ್ಟಿರುವ ದೊಡ್ಡ ಉಪಕಾರ. ಪೆನ್‌ಡ್ರೈವಿನಲ್ಲಿ, ವಾಟ್ಸ್ಆ್ಯಪಿನಲ್ಲಿ, ಬ್ಲೂಟೂತಿನಲ್ಲಿ ದಾಟಿಸಬಹುದು. ವಾಟ್ಸ್ಆ್ಯಪಿನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ, ತೆರೆಯುವಾಗ ಕ್ರೋಮ್ ಆಯ್ದುಕೊಳ್ಳಲು ಹೇಳಿ. ಫೋನಿನ ಜೊತೆ ಬಂದ ಬರಿಯ ಎಚ್‌ಟಿಎಂಎಲ್ ವೀಕ್ಷಕದಲ್ಲಿ ತೆರೆದರೆ ಜಾವಾಸ್ಕ್ರಿಪ್ಟ್ ಓಡದೆ ಖಾಲಿ ಪುಟ ಕಾಣಬಹುದು. ಹೀಗೆ ಹಂಚಿದ ಫೈಲಿನಿಂದ ಅಂಕ ತಾನಾಗಿ ಶಿಕ್ಷಕರಿಗೆ ಬಂದು ಸೇರುವುದಿಲ್ಲ. ಯಾರು ಎಷ್ಟು ಮಾಡಿದರು ಎಂಬ ದಾಖಲೆ ಬೇಕೇಬೇಕು ಎನ್ನುವವರು ಲುಮಿಯಿಂದ ಸ್ಕಾರ್ಮ್ (ಅಂಕವನ್ನು ಸರ್ವರಿಗೆ ತಿಳಿಸುವ ಮಾನಕ ರೂಪ) ಪ್ಯಾಕೇಜ್ ತೆಗೆದು ಮೂಡಲ್ ಥರದ ಕಲಿಕೆ ನಿರ್ವಹಣೆಯ ತಂತ್ರಾಂಶಕ್ಕೆ, ಅಂದರೆ ಎಲ್‌ಎಂಎಸ್‌ಗೆ ಏರಿಸಬೇಕು, ಅಥವಾ ಎಚ್5ಪಿ ಫೈಲನ್ನೇ ನೇರ ಏರಿಸಬೇಕು. ಮೂಡಲ್ 3.9ರಿಂದ ಕಂಟೆಂಟ್ ಬ್ಯಾಂಕಿನಲ್ಲಿ ಇದಕ್ಕೆ ಜಾಗವಿದೆ. ಏರಿಸಿದಾಗ ಲೈಬ್ರರಿ ಇಲ್ಲ ಎಂಬ ದೂರು ಬಂದರೆ ಫೈಲ್ ಕೆಟ್ಟಿದೆ ಎಂದು ಹೆದರಬೇಡಿ. ಆ ಚಟುವಟಿಕೆಯ ಬಗೆ ಸರ್ವರಿನಲ್ಲಿ ಇಲ್ಲ ಅಥವಾ ಹಳೆಯದಿದೆ ಎಂದಷ್ಟೇ ಅರ್ಥ, ಅದನ್ನು ಸೇರಿಸುವ ಅನುಮತಿ ಸಾಮಾನ್ಯವಾಗಿ ಶಿಕ್ಷಕರ ಖಾತೆಗೆ ಇರುವುದಿಲ್ಲ, ಅಡ್ಮಿನ್ ಮಾಡಿಕೊಡಬೇಕು.

ಕೆಲಸದ ದೃಷ್ಟಿಯಿಂದ ನೋಡಿದರೆ, ಸಂದರ್ಶನದಲ್ಲಿ ಲುಮಿ ಎಂಬ ಹೆಸರಿಗೆ ಸ್ಟೋರಿಲೈನಿನ ತೂಕ ಇಲ್ಲ. ಕಾರ್ಪೊರೇಟ್ ತರಬೇತಿಯ ಜಾಹೀರಾತುಗಳಲ್ಲಿ ಸ್ಟೋರಿಲೈನ್, ರೈಸ್, ಕ್ಯಾಪ್ಟಿವೇಟ್ ಎಂಬ ತಂತ್ರಾಂಶಗಳ ಹೆಸರನ್ನೇ ಬರೆದಿರುತ್ತಾರೆ. ಆದರೆ ನೇಮಿಸುವವರಲ್ಲಿ ಕೆಲಸ ಬಲ್ಲವರು ತೂಗಿ ನೋಡುವುದು ಸ್ಟೋರಿಬೋರ್ಡನ್ನು, ಅಂದರೆ ಪಾಠದ ಒಂದೊಂದು ತೆರೆಯನ್ನೂ ಮೊದಲೇ ಬರೆದಿಟ್ಟ ನಕ್ಷೆಯನ್ನು. ಬೋರ್ಡೋ ಪಾಠದ ಸ್ಟೋರಿಬೋರ್ಡಿನಲ್ಲಿ ತೆರೆಯ ಸಂಖ್ಯೆ, ತೆರೆಯ ಮೇಲಿನ ಪಠ್ಯ, ನಿರೂಪಣೆ, ಚಿತ್ರ, ಕಲಿಯುವವನು ಮಾಡುವ ಕ್ರಿಯೆ, ಪ್ರತಿ ಆಯ್ಕೆಗೂ ಪ್ರತಿಕ್ರಿಯೆ, ಎಲ್ಲಿಗೆ ಹಾರಬೇಕು, ಈ ಏಳು ಕಂಬಸಾಲು ಇರಲಿ. ನಿರೂಪಣೆಯನ್ನೇ ತೆರೆಯ ಮೇಲೆ ಅಕ್ಷರಶಃ ಬರೆಯಬೇಡಿ. ಚಿತ್ರ ನೋಡುತ್ತ, ಮಾತು ಕೇಳುತ್ತ, ಅದೇ ಮಾತನ್ನು ಓದುವುದು ಕಲಿಕೆಗೆ ಅಡ್ಡಿ ಎಂಬುದು ಮನೋವಿಜ್ಞಾನಿ ರಿಚರ್ಡ್ ಮೇಯರ್ ಅವರ ಪುನರುಕ್ತಿ ತತ್ವ. ಕನ್ನಡ ಇನ್ನೂ ಗಟ್ಟಿಯಾಗದ ಮಕ್ಕಳಿಗೆ ಮಾತ್ರ ಮುಖ್ಯ ಪದಗಳು ತೆರೆಯ ಮೇಲೆ ಕಾಣುವುದು ಒಳ್ಳೆಯದು. ಕನ್ನಡ ಪದಗಳು ಉದ್ದ, ಇಂಗ್ಲಿಷ್ ಸ್ಕ್ರಿಪ್ಟಿನ ಲೆಕ್ಕ ಇಲ್ಲಿ ಹೊಂದುವುದಿಲ್ಲ. ನಿಮಿಷಕ್ಕೆ ನೂರು ಪದದ ಆಸುಪಾಸು ಇಟ್ಟುಕೊಂಡರೆ ಓದುವವರಿಗೆ ಉಸಿರು ಕಟ್ಟುವುದಿಲ್ಲ.

ಪೋರ್ಟ್‌ಫೋಲಿಯೋ ಇಡಲು ಗಿಟ್‌ಹಬ್ ಪೇಜಸ್ ಎಂಬ ಜಾಲಪುಟ ಸೇವೆ ಸಾಕು, ಹಣ ಬೇಡ. ಎಚ್‌ಟಿಎಂಎಲ್ ಫೈಲಿನ ಹೆಸರನ್ನು ಇಂಡೆಕ್ಸ್ ಎಂದು ಬದಲಿಸಿ ಏರಿಸಿದರೆ ಕೊಂಡಿ ಸಿದ್ಧ. ಬ್ರೌಸರ್ ಮೂಲಕ ಏರಿಸುವಾಗ ಒಂದು ಫೈಲ್ 25 ಎಂಬಿ ದಾಟುವಂತಿಲ್ಲ. ವೀಡಿಯೋ ಇರುವ ಪಾಠಕ್ಕೆ ಲುಮಿಯ ಇನ್ನೊಂದು ಆಯ್ಕೆ, ಎಚ್‌ಟಿಎಂಎಲ್ ಬೇರೆ, ಮಾಧ್ಯಮದ ಫೈಲುಗಳು ಬೇರೆ ಎಂಬುದನ್ನು ಆರಿಸಿ. ಪಕ್ಕದಲ್ಲಿ ಸ್ಟೋರಿಬೋರ್ಡಿನ ಪಿಡಿಎಫ್ ಇಡಿ, ಇಂಗ್ಲಿಷಿನಲ್ಲಿ ಅರ್ಧ ಪುಟದ ಟಿಪ್ಪಣಿಯನ್ನೂ ಇಡಿ: ಕಲಿಯುವವರು ಯಾರು, ಪಾಠದ ನಂತರ ಏನು ಮಾಡಬಲ್ಲವರಾಗಬೇಕು, ಯಾಕೆ ಈ ಕೊಂಬೆಗಳು. ಕನ್ನಡ ಬಾರದ ಸಂದರ್ಶಕರೂ ವಿನ್ಯಾಸವನ್ನು ಓದಬಲ್ಲರು.

ಇಂಥ ಎರಡು ಪಾಠ ಲುಮಿಯಲ್ಲಿ ಮುಗಿದ ಮೇಲೆ ಆರ್ಟಿಕ್ಯುಲೇಟಿನ 30 ದಿನದ ಉಚಿತ ಟ್ರಯಲ್ ಶುರು ಮಾಡಿ, ಮೊದಲೇ ಬೇಡ. ಸ್ಟೋರಿಬೋರ್ಡ್ ಕೈಯಲ್ಲಿದ್ದರೆ ಆ ತಿಂಗಳಲ್ಲಿ ಅದೇ ಬೋರ್ಡೋ ಪಾಠವನ್ನು ಸ್ಟೋರಿಲೈನಿನಲ್ಲಿ ಮತ್ತೆ ಕಟ್ಟಿ, ಸ್ಕಾರ್ಮ್ ಪಾಠ ಪರೀಕ್ಷಿಸುವ ಸ್ಕಾರ್ಮ್ ಕ್ಲೌಡ್ ತಾಣದ ಉಚಿತ ಖಾತೆಯಲ್ಲಿ ಓಡಿಸಿ ನೋಡಬಹುದು. ವಿಷಯ ಹುಡುಕುತ್ತ ಕೂತರೆ ಟ್ರಯಲ್ ಅರ್ಧ ಅಲ್ಲೇ ಕಳೆದುಹೋಗುತ್ತದೆ.